ಸೋರದ ತಗಡು

ಅಣ್ಣಾ,

ಅಮ್ಮನನ್ನ ಸಮುದ್ರಕ್ಕೆ ಕರ್ಕೊಂಡು ಹೋಗೋಕೆ ನಾವು ಕಟ್ಟಿದ ಗಾಲಿಮನೆಗೆ ನೀನು ಹೊದಿಸಿಹೋದ ತಗಡು ಒಂದು ಹನಿಯೂ ಸೋರ್ತಿಲ್ಲ. ಬಕೆಟ್‌ಗಟ್ಟಲೆ ನೀರು ಸುರಿದು ನೋಡಿದೆ. ಆದರೆ ಬಾಗಿಲಿಡುವಾಗ, ಅಮ್ಮ ನಡೆದೇ ಹತ್ತುತ್ತಾಳೆ ಅಂದುಕೊಂಡುಬಿಟ್ವಿ. ಈಗ ಅವಳಿಗೆ ಎದ್ದು ಕೂರೋಕೂ ಆಗ್ತಿಲ್ಲ. ಸ್ಟ್ರೆಚರ್ ಆ ಬಾಗಿಲಲ್ಲಿ ಹಿಡಿಸಲ್ಲ. ಬಾಗಿಲು ಅಗಲ ಮಾಡಿದರೂ ದಾರಿಯ ಕುಲುಕಾಟ ಅವಳು ತಡ್ಕೊಳ್ಳಲ್ಲ ಅಂತ ಡಾಕ್ಟರು ಕೈಚೆಲ್ಲಿದರು.

ಅವಳಿಗೆ ಹೇಳಿಲ್ಲ. ಕಿಟಕಿಯಿಂದ ಗಾಡಿ ನೋಡ್ತಾ, “ಸಮುದ್ರಕ್ಕೆ ಯಾವಾಗ ಹೊರಡೋದೇ?” ಅಂತಾಳೆ.

“ಚಾವಣಿ ಇನ್ನೂ ಸೋರ್ತಿದೆ ಕಣಮ್ಮ.”

“ನಿಮ್ಮಣ್ಣನ ಕೆಲಸ ಯಾವತ್ತೂ ಅರೆಬರೆ” ಅಂತ ಬೈದು ಸುಮ್ಮನಾಗ್ತಾಳೆ. ಆ ಬೈಗುಳ ನೀನೇ ಹೊತ್ಕೋ.

ಭಾನುವಾರ ಬರುವಾಗ ಸುತ್ತಿಗೆ ತಾ. ಮೇಲೆ ಹತ್ತಿ ಸ್ವಲ್ಪ ಹೊತ್ತು ಬಡಿ. ಅವಳಿಗೆ ಕೇಳಿಸಲಿ.

ನಿನ್ನ ತಂಗಿ