ಕೋಣೆಯೊಳಗೆ ತಿರುಗಿ ಬರುವ ಗಾಳಿ

ಕಾರ್ಖಾನೆಗಳ ಸುರಕ್ಷತೆಯನ್ನು ನೋಡಿಕೊಳ್ಳುವ ಅಧಿಕಾರಿಗಳಿಗೆ

ಮಾನ್ಯರೇ,

ಸೈದಾಪುರದ ಆಚೆಯ ಔಷಧ ಕಾರ್ಖಾನೆಯೊಂದರಲ್ಲಿ ಪುಡಿ ಜರಡಿ ಹಿಡಿಯುವ ಕೋಣೆಯನ್ನು ಬರುವ ಸೋಮವಾರ ಮತ್ತೆ ತೆರೆಯಲು ತಾವು ಒಪ್ಪಿಗೆ ಕೊಟ್ಟಿದ್ದೀರಿ. ಆ ಕೋಣೆಯಲ್ಲಿ ದುಡಿದು ಉಸಿರು ಕಟ್ಟಿ ಬಿದ್ದ ಸುಗಲಮ್ಮ ನನ್ನ ತಂಗಿ. ಸೋಮವಾರ ಅವಳೂ ಹಾಜರಾಗಬೇಕು, ಇಲ್ಲವಾದರೆ ಮತ್ತೆ ಬರುವುದೇ ಬೇಡ ಎಂದು ಕಂಪನಿಯವರು ಹೇಳಿ ಕಳಿಸಿದ್ದಾರೆ. ನಡೆದದ್ದಕ್ಕೆ ತಮ್ಮ ವರದಿ ಕೊಟ್ಟ ಕಾರಣ ಇಷ್ಟೇ: "ಸ್ಥಳೀಯ ಮಹಿಳಾ ಕಾರ್ಮಿಕರು ಅಜ್ಞಾನದಿಂದ ಸಾಂಪ್ರದಾಯಿಕ ಪದ್ಧತಿಯನ್ನು ಅನುಸರಿಸಿದ್ದರಿಂದ ಧೂಳು ಉಂಟಾಗಿದೆ." ನಾನು ಶಹಾಪುರದ ಕಾಲುವೆ ಕಚೇರಿಯಲ್ಲಿ ಗುಮಾಸ್ತ. ಇಂಥ ವಾಕ್ಯಗಳ ನಡುವೆಯೇ ನನ್ನ ಕೂದಲು ನೆರೆತಿದೆ. ನೀರು ಮುಟ್ಟದಿದ್ದರೆ ತಪ್ಪು ಕಾಲುವೆಯ ಕೊನೆಯಲ್ಲಿ ಕುಳಿತವನದೇ ಎಂದು ಬರೆಯುವುದು ಹೇಗೆಂದು ನಮ್ಮ ಕಚೇರಿಗೂ ಗೊತ್ತು. ಆದ್ದರಿಂದ ತಮ್ಮ ವಾಕ್ಯದ ಕುಶಲತೆಯನ್ನು ಮೆಚ್ಚಿಕೊಂಡೇ ಅದರ ಬಗ್ಗೆ ಮಾತಾಡುತ್ತೇನೆ.

ಅಜ್ಞಾನ ಎಂದಿರಿ. ಆ ಹೆಂಗಸರನ್ನು ಕಂಪನಿ ಕೆಲಸಕ್ಕೆ ತೆಗೆದುಕೊಂಡದ್ದು ಏಕೆಂದು ವಿಚಾರಿಸಿದಿರಾ? ಅವರಿಗೆ ಜರಡಿ ಹಿಡಿಯಲು ಬರುತ್ತದೆ ಎಂದೇ. ಆಳು ಕರೆಯಲು ನಮ್ಮ ಓಣಿಗೆ ಬಂದ ಗುತ್ತಿಗೆದಾರ ಹೇಳಿದ ಮಾತು ನನ್ನ ಕಿವಿಯಲ್ಲಿದೆ: "ಜ್ವಾಳ ಹಸನ ಮಾಡೋರಿಗಿ ಇದೇನ್ ದೊಡ್ಡದ್ರಬೇ? ಕುಂತು ಮಾಡೋ ಕೆಲಸ. ಮ್ಯಾಲ ಔಷಧ, ಮೈಗಿ ಛಲೋನ." ಕಾಲುವೆಗೆ ನೀರು ಬಿಟ್ಟಾಗ ನಾಟಿಗೆ, ನೀರು ನಿಂತಾಗ ಬೇರೆ ಊರಿಗೆ ಹೋಗುತ್ತಿದ್ದ ಹೆಂಗಸರು ಕಂಪನಿ ಬಸ್ಸು ಹತ್ತಿದರು. ನನ್ನ ತಂಗಿಯೂ ಹತ್ತಿದಳು. ಪಕ್ಕದ ಸೀಟಿನಲ್ಲಿ ಅವಳ ಗೆಳತಿ ಇಮಾಮಬೀ.

ಆ ಕೋಣೆಯಲ್ಲಿ ಧೂಳನ್ನು ಹೀರಿ ಹೊರಗೆ ಒಯ್ಯುವ ಕೊಳವೆಯೊಂದು ಇತ್ತಂತೆ. ಅದು ಕೆಟ್ಟಿತು. ರಿಪೇರಿಯವರು ಬರಲಿಲ್ಲ, ಒಂದು ನಿಲ್ಲುವ ಫ್ಯಾನು ಬಂತು. ಪುಡಿ ಸೆಕೆಗೆ ಗಂಟುಗಂಟಾಗುತ್ತಿತ್ತು, ಜರಡಿಯಲ್ಲಿ ಇಳಿಯುತ್ತಿರಲಿಲ್ಲ. ಆಗ ಸುಗಲಮ್ಮನಿಗೆ ಕಣ ನೆನಪಾಯಿತು. ರಾಶಿ ತೂರುವಾಗ ಮಾಡುವಂತೆ ಫ್ಯಾನಿಗೆ ಬೆನ್ನು ಕೊಟ್ಟು ನಿಂತು, ಪುಡಿಯ ಬುಟ್ಟಿಯನ್ನು ತಲೆಯ ಎತ್ತರಕ್ಕೆ ಎತ್ತಿ, ಸಣ್ಣ ಧಾರೆಯಾಗಿ ಸುರಿದಳು. ಗಂಟುಗಳು ಕೆಳಗೆ ಬಿದ್ದು ಒಡೆದವು. "ಗಾಳಿ ಬೆನ್ನಿಗಿ ಇರಬೇಕವ್ವ, ಮಾರಿಗಿ ಅಲ್ಲ," ಎಂದು ಉಳಿದವರಿಗೂ ಕಲಿಸಿದಳು. ಸೂಪರ್‌ವೈಸರ್ ಶಹಭಾಷ್ ಅಂದನಂತೆ. ಅವತ್ತು ಅವಳು ಮನೆಗೆ ಬಂದ ರೀತಿ ನನಗೆ ನೆನಪಿದೆ. ಓದಿದ ಅಣ್ಣನ ಮುಂದೆ ಮೊದಲ ಸಲ ತಾನೇನೋ ಕಂಡುಹಿಡಿದವಳಂತೆ ಕೂತಿದ್ದಳು.

ಕಣದಲ್ಲಿ ತೂರಿದರೆ ಹೊಟ್ಟು ಹಾರಿ ಹೋಗುತ್ತದೆ, ಕಾಳು ಉಳಿಯುತ್ತದೆ. ಈ ಪುಡಿಯಲ್ಲಿ ಹಾರಿದ್ದೂ ಔಷಧವೇ, ಬಿದ್ದದ್ದೂ ಔಷಧವೇ. ಕಣದ ಗಾಳಿ ಹೊಲ ದಾಟಿ ಹೋಗಿಬಿಡುತ್ತದೆ. ಕೋಣೆಯ ಗಾಳಿ ಎದುರಿನ ಗೋಡೆಗೆ ಬಡಿದು ತಿರುಗಿ ಬರುತ್ತದೆ. ಬೆನ್ನು ಕೊಟ್ಟು ನಿಂತವಳ ಮುಖಕ್ಕೇ ಬರುತ್ತದೆ. ತಪ್ಪು ಅವಳದೇ, ಒಪ್ಪುತ್ತೇನೆ. ಬಯಲಿನ ತಿಳಿವಳಿಕೆಯನ್ನು ಗೋಡೆಗಳ ನಡುವೆ ನಂಬಿದ ತಪ್ಪು. ಆದರೆ ಆ ಗೋಡೆ ಕಟ್ಟಿದವರು ಯಾರು? ಕೊಳವೆ ಕೆಟ್ಟ ಮೇಲೂ ಕೆಲಸ ನಡೆಸಿದವರು ಯಾರು? ಇದು ಯಾವ ಪುಡಿ, ಮೈಗೆ ಏನು ಮಾಡುತ್ತದೆ ಎಂದು ಅವಳಿಗೆ ತಿಳಿಯುವ ಭಾಷೆಯಲ್ಲಿ ಒಂದು ಮಾತು ಹೇಳದವರು ಯಾರು? ಅವರ ಪದ್ಧತಿಗೆ ತಮ್ಮ ವರದಿಯಲ್ಲಿ ಏನೆಂದು ಹೆಸರು?

ಮೊದಲು ಕಣ್ಣರೆಪ್ಪೆ ಊದಿತು. ಆಮೇಲೆ ಮೈಮೇಲೆ ಪಿತ್ತದ ಗಂಧೆ ಎದ್ದವು. ರಾತ್ರಿ ಎದೆಯಲ್ಲಿ ಸೀಟಿ ಊದಿದ ಸದ್ದು. ಔಷಧದ ನಡುವೆ ಇರುವವಳಿಗೆ ರೋಗ ಎಲ್ಲಿಂದ ಬಂದೀತು ಎಂದು ಅವಳೂ ನಕ್ಕಳು, ನಾವೂ ನಕ್ಕೆವು. ಹಾಗೇ ಇರುವಾಗ ಕಾಲಿಗೆ ಮುಳ್ಳು ತುಳಿದು ಕೀವಾಯಿತು. ಶಹಾಪುರದ ವೈದ್ಯರೊಬ್ಬರ ಬಳಿಗೆ ನಾನೇ ಕರೆದುಕೊಂಡು ಹೋದೆ. ಅವರು ಪದ್ಧತಿಯಂತೆ ಕೇಳಿದರು:

"ಯಾವುದರೆ ಇಂಜೆಕ್ಷನ್ ಮೈಗಿ ಆಗಿ ಬರೂದಿಲ್ಲ ಅಂತ ಏನರೆ ಅದನಮ್ಮಾ?"

"ಏನಿಲ್ರಿ. ನಾ ಔಷಧ ಮಾಡಾಕೀನ ಇದೀನ್ರಿ. ದಿನಾ ಅದರಾಗ ಮುಳುಗಿ ಏಳ್ತೀನಿ."

ವೈದ್ಯರೂ ನಕ್ಕರು. ಆದರೂ ನೇರವಾಗಿ ಕೊಡದೆ, ಪರೀಕ್ಷೆಗೆಂದು ಮುಂಗೈಯ ಚರ್ಮದಲ್ಲಿ ಹನಿಯಷ್ಟು ಚುಚ್ಚಿದರು. ಅಷ್ಟಕ್ಕೇ ಅವಳ ತುಟಿ ದಪ್ಪಗಾಯಿತು. "ಯಣ್ಣಾ, ಗಂಟಲಾ..." ಎಂದಳು. ಮುಂದಿನ ಮಾತು ಬರಲಿಲ್ಲ. ಗಾಳಿ ಒಳಗೂ ಹೋಗದೆ ಹೊರಗೂ ಬಾರದೆ ಅವಳ ಕುತ್ತಿಗೆಯ ನರಗಳು ಎದ್ದು ನಿಂತದ್ದನ್ನು ನಾನು ನೋಡುತ್ತಾ ನಿಂತಿದ್ದೆ. ಆ ವೈದ್ಯರ ಕೈ ಚುರುಕಾಗಿತ್ತು, ಬೇಕಾದ ಇನ್ನೊಂದು ಇಂಜೆಕ್ಷನ್ ಅವರ ಮೇಜಿನಲ್ಲೇ ಇತ್ತು. ಅದರಿಂದ ಬದುಕಿದಳು, ಕೆಲವು ದಿನ ದವಾಖಾನೆಯಲ್ಲಿ ಇರಬೇಕಾಯಿತು.

ವೈದ್ಯರು ಕಂಪನಿಗೆ ಮತ್ತೆ ಮತ್ತೆ ಫೋನ್ ಮಾಡಿದ ಮೇಲೆ ಪುಡಿಯ ಹೆಸರು ಹೊರಬಂತು. ಪೆನ್ಸಿಲಿನ್ ಜಾತಿಯದು, ವೈದ್ಯರು ಮುಂಗೈಗೆ ಚುಚ್ಚಿದ್ದೂ ಅದೇ. ಉಸಿರಿನೊಂದಿಗೆ ಒಳಹೋಗಿ, ಚರ್ಮಕ್ಕೆ ದಿನವೂ ಮೆತ್ತಿಕೊಂಡು ಅದು ಅವಳ ಮೈಯನ್ನೇ ತನಗೆ ಹಗೆ ಮಾಡಿಕೊಂಡಿತ್ತು. ಲೋಕದ ಗಾಯಗಳನ್ನು ಮಾಯಿಸುವ ವಸ್ತು ಇನ್ನು ಇವಳೊಬ್ಬಳಿಗೆ ವಿಷ. "ಮುಂದಿನ ಸಲ ಇಂಜೆಕ್ಷನ್ನೇ ಬೇಕಂತಿಲ್ಲ," ಎಂದರು ವೈದ್ಯರು. "ಆ ಧೂಳೇ ಸಾಕು."

ತಾವು ತಪಾಸಣೆಗೆ ಬಂದದ್ದು ಇದಾದ ಮೇಲೆ. ಅವತ್ತು ಕೋಣೆಯಲ್ಲಿ ಇಮಾಮಬೀ ಇದ್ದಳು. ಫ್ಯಾನು ಮಾಯವಾಗಿತ್ತು, ನೆಲ ಒರೆಸಿತ್ತು, ಕೆಲಸ ನಿಂತಿತ್ತು. ಆದರೂ ತಾವು ಬಾಗಿಲಲ್ಲೇ ನಿಂತು, ಕರ್ಚೀಫು ಮೂಗಿಗೆ ಹಿಡಿದು ನೋಡಿ ಹೋದಿರಂತೆ. ಮಾನ್ಯರೇ, ಆ ಕರ್ಚೀಫಿನ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಅದು ತಮ್ಮ ವರದಿಗಿಂತ ಪ್ರಾಮಾಣಿಕ. ಏನೂ ತಿಳಿಯದವರು ಒಳಗಿದ್ದರು. ತಿಳಿದವರು ಮೂಗು ಮುಚ್ಚಿಕೊಂಡು ಹೊರಗಿದ್ದರು. ಹಾಗಾದರೆ 'ಅಜ್ಞಾನ' ಎಂಬ ಮಾತನ್ನು ಬರೆಯುವಾಗ ತಮ್ಮ ಕೈ ಒಂದು ಕ್ಷಣವಾದರೂ ನಿಂತಿತೇ?

ಈಗ ನಮ್ಮ ಮನೆಯ ಸುದ್ದಿ ಹೇಳುತ್ತೇನೆ. ಇಮಾಮಬೀಯನ್ನು ಬೇರೆ ಕೋಣೆಗೆ, ಪುಡಿ ತುಂಬುವ ಕಡೆಗೆ ಹಾಕಿದ್ದಾರೆ. ತಂಗಿ ದವಾಖಾನೆಯಿಂದ ಬಂದ ದಿನ ಇಮಾಮಬೀ ಕಂಪನಿ ಬಸ್ಸಿಳಿದವಳೇ ಓಡಿ ಬಂದು ಗೆಳತಿಯನ್ನು ಅಪ್ಪಿಕೊಂಡಳು. ಚಾ ಇಳಿಸುವುದರೊಳಗೆ ಸುಗಲಮ್ಮನ ಎದೆಯಲ್ಲಿ ಮತ್ತೆ ಆ ಸೀಟಿ. ಪುಡಿ ಇಮಾಮಬೀಯ ಸೀರೆಯಲ್ಲಿ ಕೂತು ನಮ್ಮ ಮನೆಗೆ ಬಂದಿತ್ತು. ಅಂದಿನಿಂದ ಇಮಾಮಬೀ ನಮ್ಮ ಹೊಸ್ತಿಲು ದಾಟುವುದಿಲ್ಲ. ಅಂಗಳದ ಬೇವಿನ ಗಿಡದ ಕೆಳಗೆ ನಿಂತು ಕೂಗುತ್ತಾಳೆ:

"ಏ ಸುಗಲೀ, ಇನ್ನಾ ಉಸಿರಾಡಾಕತ್ತೀಯೇನ?"

"ಹೂನಬೇ, ನಿನಗೇನ್ ಅವಸರ? ಒಳಗ ಬಾ."

"ಬ್ಯಾಡವ್ವ. ಆ ಸಾಹೇಬರಂಗ ಇಲ್ಲಿಂದನ ತಪಾಸಣಿ ಮಾಡ್ತೀನಿ. ಎಲ್ಲಾ ಬರೋಬ್ಬರಿ ಐತಿ ಅಂತ ಬರಕೊಂಡು ಹೋಗ್ತೀನಿ."

"ಮೂಗಿಗಿ ಕರ್ಚೀಪ ಹಿಡಿಲಿಲ್ಲಲ್ಲ?"

ಇಬ್ಬರೂ ನಗುತ್ತಾರೆ. ನಗು ಕೆಮ್ಮಾಗಿ ಮುಗಿಯುತ್ತದೆ. ಮೇಲಿನ ಕೇರಿಯವರ ಹೊಸ್ತಿಲು ಮುಟ್ಟದೆ ಅಂಗಳದಲ್ಲಿ ನಿಂತು ಮಾತಾಡುವುದೆಂದರೆ ಏನೆಂದು ನಮ್ಮ ಓಣಿಗೆ ಅಜ್ಜ ಮುತ್ತಜ್ಜರ ಕಾಲದಿಂದ ಗೊತ್ತು. ಅದು ಔಷಧದ ರೂಪದಲ್ಲಿ ತಿರುಗಿ ಬಂದೀತೆಂದು ನಾನು ಎಣಿಸಿರಲಿಲ್ಲ.

ಇಷ್ಟಾಗಿಯೂ ಸುಗಲಮ್ಮ ಸೋಮವಾರ ಹೋಗುತ್ತೇನೆ ಎನ್ನುತ್ತಾಳೆ. "ತೂರಾಕ ನಾನ ಕಲಿಸೀನಿ ಯಣ್ಣಾ. ಬ್ಯಾಡ ಅನ್ನಾಕೂ ನಾನ ಹೋಗಬೇಕಲ್ಲ. ದೂರ ನಿಂದ್ರತೀನಿ." ಆ ಕೋಣೆಯಲ್ಲಿ ದೂರ ಎಂಬುದು ಎಲ್ಲಿದೆ, ಮಾನ್ಯರೇ? ಬಾಗಿಲಲ್ಲಿ. ಅದು ತಮ್ಮ ಜಾಗ.

ಆದ್ದರಿಂದ ಕೇಳುತ್ತೇನೆ. ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಿರಿ. ಧೂಳು ಹೀರುವ ಕೊಳವೆ ಸರಿಯಾಗುವವರೆಗೆ, ಪುಡಿ ಮುಚ್ಚಿದ ಯಂತ್ರದೊಳಗೇ ಜರಡಿಯಾಗುವವರೆಗೆ ಆ ಬಾಗಿಲಿನ ಬೀಗ ತೆಗೆಯಬೇಡಿ. ಕೆಲಸದ ಬಟ್ಟೆ ಕಾರ್ಖಾನೆಯಲ್ಲೇ ಉಳಿದು ಅಲ್ಲೇ ಒಗೆಯುವಂತಾಗಲಿ. ಹೆಂಗಸರು ಮೈ ತೊಳೆದುಕೊಂಡು ತಮ್ಮ ಸೀರೆಯಲ್ಲಿ ಮನೆಗೆ ಬರಲಿ. ಪುಡಿಯ ಹೆಸರನ್ನೂ ಅದರ ಅಪಾಯವನ್ನೂ ಕನ್ನಡದಲ್ಲಿ ಗೋಡೆಗೆ ಬರೆಸಿ, ಓದಲು ಬಾರದವರಿಗೆ ಬಾಯಿಯಲ್ಲಿ ಹೇಳಿಸಿ. ಸುಗಲಮ್ಮನಿಗೆ ಪುಡಿಯ ಗಾಳಿ ಸೋಕದ ಕಡೆ ಕೆಲಸ ಕೊಡಿಸಿ. ಇದಾವುದೂ ಆಗದು, ಸೋಮವಾರ ತೆರೆಯಲೇಬೇಕು ಎನ್ನುವುದಾದರೆ ಒಂದೇ ಒಂದು ಮಾಡಿ: ಕರ್ಚೀಫು ಜೇಬಿನಲ್ಲಿಟ್ಟು ಒಳಗೆ ಬನ್ನಿ. ಮಾಯವಾದ ಆ ಫ್ಯಾನನ್ನು ತರಿಸಿ, ಅದಕ್ಕೆ ಬೆನ್ನು ಕೊಟ್ಟು ನಿಲ್ಲಿ. ಗಾಳಿ ಎಲ್ಲಿಗೆ ಹೋಗುತ್ತದೆಂದು ನೋಡಿ.

ಅಂಗಳದಲ್ಲಿ ಇಮಾಮಬೀ ಬಂದು ನಿಂತಿದ್ದಾಳೆ. ಒಳಗೆ ಅವಳ ಪಾಲಿನ ಚಾ ಆರುತ್ತಿದೆ. ಇವತ್ತೂ ಅದನ್ನು ನಾನೇ ಹೊರಗೆ ಒಯ್ದು ಕೊಡಬೇಕು.

ಇಂತಿ,
ಹೊಸ್ತಿಲ ಒಳಕ್ಕೂ ಹೊರಕ್ಕೂ ಚಾ ಸಾಗಿಸುವುದಷ್ಟೇ ಕೈಲಾಗುತ್ತಿರುವ
ಸುಗಲಮ್ಮನ ಅಣ್ಣ, ಕಾಲುವೆ ಕಚೇರಿಯ ಗುಮಾಸ್ತ