ನಮಸ್ಕಾರ ಮಾಡಿದರೆ ಬೀಳುತ್ತಾರೆಯೇ?

ಮಾನ್ಯ ನಿರ್ದೇಶಕರೇ,

ನಾರಾಯಣಗೂಡದ ತಮ್ಮ ತರಬೇತಿ ಕೇಂದ್ರದಲ್ಲಿ ವರ್ಚುವಲ್ ರಿಯಾಲಿಟಿ ಆ್ಯಪ್ ಮಾಡುವುದನ್ನು ಕಲಿಯುತ್ತಿರುವವಳು ನಾನು. ಕಲಿಯಲು ಬೇಕಾದ ಹೆಡ್‌ಸೆಟ್‌ಗಳನ್ನು ತಾವು ಬೀರುವಿನಲ್ಲಿಟ್ಟು ಬೀಗ ಹಾಕಿಸಿದ್ದೀರಿ. ಅತಿಥಿಗಳು ಬಂದಾಗ ಅವು ಹೊರಗೆ ಬರುತ್ತವೆ, ಫೋಟೊ ಮುಗಿದೊಡನೆ ಒಳಗೆ ಹೋಗುತ್ತವೆ. ಈಜು ಕಲಿಸುವವರು ಬಾವಿಗೆ ಬೀಗ ಹಾಕಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ತೆಲುಗಿನಲ್ಲಿ ಕೊಟ್ಟ ಅರ್ಜಿಗೆ ಉತ್ತರ ಬರಲಿಲ್ಲವಾದ್ದರಿಂದ, ನಾಲ್ಕು ಜನ ಓದಲೆಂದು ನನ್ನ ಮನೆಮಾತಿನಲ್ಲಿ ಬರೆಯುತ್ತಿದ್ದೇನೆ.

ನನ್ನ ಅಪ್ಪ ಹುಸೇನಪ್ಪ, ಅವ್ವ ಗಂಗಾಬಾಯಿ ಯಾದಗಿರಿ ಕಡೆಯಿಂದ ಬಂದು ಇಲ್ಲಿ ಕಟ್ಟಡದ ಕೆಲಸಕ್ಕೆ ನಿಂತವರು. ಗೋಡೆಯ ಪಕ್ಕ ಕಟ್ಟುವ ಹಲಗೆಯ ಸಾರುವೆ ಹತ್ತುವ ಇಂಥವರಿಗಾಗಿಯೇ ನಾನೊಂದು ಆ್ಯಪ್ ಮಾಡಿದೆ. ಹೆಡ್‌ಸೆಟ್ ಹಾಕಿಕೊಂಡರೆ ಎತ್ತರದ ಹಲಗೆ ಕಾಣುತ್ತದೆ. ಅದನ್ನು ಕಟ್ಟಿದ ಹಗ್ಗ ಜಗ್ಗಿ ನೋಡದೆ ಕಾಲಿಟ್ಟರೆ ಬೀಳುತ್ತೀರಿ, ಪೆಟ್ಟಾಗುವುದಿಲ್ಲ, ಪಾಠವಾಗುತ್ತದೆ. ನಮ್ಮ ಮೇಷ್ಟ್ರು ಒಪ್ಪಿದ್ದರಿಂದ ಮೊದಲು ಅಪ್ಪನನ್ನೇ ಕರೆತಂದೆ. ಅಪ್ಪ ಚಪ್ಪಲಿ ಹೊರಗೆ ಬಿಟ್ಟ, ಹೆಡ್‌ಸೆಟ್ ಹಾಕಿಕೊಂಡು ಹಗ್ಗ ಜಗ್ಗಿ ನೋಡಿದ. ಆಮೇಲೆ ದಿನವೂ ಕೆಲಸಕ್ಕೆ ಮುಂಚೆ ಮಾಡುವಂತೆ ಬಾಗಿ, ಅಲ್ಲಿಲ್ಲದ ಹಲಗೆಯನ್ನು ಮುಟ್ಟಿ ಕೈಯನ್ನು ಹಣೆಗೊತ್ತಿಕೊಂಡ. ತಲೆ ಅಷ್ಟು ಕೆಳಗೆ ಬಂದರೆ ಮನುಷ್ಯ ಬಿದ್ದನೆಂದೇ ಅರ್ಥ ಎಂದು ನಾನು ಕೋಡ್ ಬರೆದಿದ್ದೆ. ಆ್ಯಪ್ ಅಪ್ಪನನ್ನು ಕೆಳಗೆ ಕೆಡವಿತು.

ಹೆಡ್‌ಸೆಟ್ ತೆಗೆದು ಅಪ್ಪ ನನ್ನ ಮುಖ ನೋಡಿದ. "ನಮಸ್ಕಾರ ಮಾಡಿದ್ರ ಬೀಳ್ತಾರೇನವ್ವಾ? ಸರಿ ಮಾಡಿಡು, ಮತ್ತ ಬರ್ತೀನಿ," ಎಂದ.

ಸರಿ ಮಾಡಿದೆ. ಅಷ್ಟರಲ್ಲಿ ಲೆನ್ಸಿಗೆ ಹತ್ತಿದ ಅಪ್ಪನ ಬೆವರು ತಮ್ಮ ಕಣ್ಣಿಗೆ ಬಿತ್ತು. ಕೂಲಿಯವರು ಹಾಕಿಕೊಂಡರೆ ಸಾಮಾನು ಕೆಡುತ್ತದೆಂದು ಆಜ್ಞೆ ಹೊರಟಿತು, ಬೀರುವಿಗೆ ಬೀಗ ಬಿತ್ತು. ಹೊರಗಿನವರು ಬರಬಾರದು, ಒಳಗಿನವರು ಮುಟ್ಟಬಾರದು. ಹಾಗಾದರೆ ನಾವು ಆ್ಯಪ್ ಮಾಡುವುದು ಯಾರ ತಲೆಗೆ, ಸ್ವಾಮಿ? ಬೆವರದ ತಲೆಗಳಿಗೆ ಸಾರುವೆ ಹತ್ತುವ ಪಾಠವೇಕೆ? ಯಾವಾಗ ಬರಲಿ ಎಂದು ಅಪ್ಪ ಕೇಳುತ್ತಲೇ ಇದ್ದ.

ಕಳೆದ ಮಳೆಗಾಲದಲ್ಲಿ ಬೇಗಂಪೇಟೆಯ ಕಟ್ಟಡವೊಂದರಲ್ಲಿ ನೆನೆದ ಹಲಗೆಯ ಮೇಲೆ ಕಾಲು ಜಾರಿ ಅಪ್ಪ ತೀರಿಕೊಂಡ. ನನ್ನ ಆ್ಯಪ್ ಅವನನ್ನು ಉಳಿಸುತ್ತಿತ್ತೆಂದು ಹೇಳಲಾರೆ. ಆದರೆ ಮತ್ತೆ ಬರುತ್ತೇನೆಂದವನನ್ನು ಬಾಗಿಲಲ್ಲೇ ತಡೆದಿರಲ್ಲ, ಆ ಸಂಕಟ ನನಗೆ ಹೋಗುತ್ತಿಲ್ಲ. ನೆನೆದ ಹಲಗೆಯ ಪಾಠವನ್ನೂ ಈಗ ಸೇರಿಸಿದ್ದೇನೆ.

ಅವ್ವ ಇಂದಿಗೂ ಗಾರೆ ಹೊತ್ತು ಸಾರುವೆ ಹತ್ತುತ್ತಾಳೆ. ಬೀರು ತೆರೆಸಿ. ಅವಳೂ ಅವಳ ಜೊತೆಯವರೂ ಹೆಡ್‌ಸೆಟ್ ಹಾಕಿಕೊಳ್ಳಲಿ. ಬೆವರನ್ನು ನಾನೇ ಒರೆಸಿಡುತ್ತೇನೆ. ಅವಳೂ ಮೊದಲು ಬಾಗಿ ಹಲಗೆ ಮುಟ್ಟುವವಳೇ. ಈಗ ನನ್ನ ಆ್ಯಪ್‌ನಲ್ಲಿ ನಮಸ್ಕಾರ ಮಾಡಿದವರು ಬೀಳುವುದಿಲ್ಲ.

ಇಂತಿ,
ಬೀಗದೆದುರು ಕೂತು ಕಲಿಯುತ್ತಿರುವ
ಶಾಂಭವಿ, ಹುಸೇನಪ್ಪನ ಮಗಳು