ಬೆಂಕಿಪೊಟ್ಟಣದ ಮನೆ

ರಾಣೆಬೆನ್ನೂರು
೧೮ ಜನವರಿ ೨೦೨೬

ಪ್ರೀತಿಯ ಪಪ್ಪಾ,

ನಮಸ್ಕಾರ. ನಾನು ಆರಾಮ, ಹಾವೇರಿಯಲ್ಲಿ ಮಮ್ಮಿಯೂ ಆರಾಮ. ಪತ್ರ ತಡವಾಯಿತು, ಸಾರಿ. ಪರೀಕ್ಷೆ ಇತ್ತು ಎಂದು ನೆಪ ಹೇಳಬಹುದು. ಖರೇ ಅಂದರೆ ಧೈರ್ಯ ಸಾಲಲಿಲ್ಲ. ಫೋನಿನಲ್ಲಾದರೆ ನೀವು "ಊಟ ಆತೇನವಾ? ಓದಾಕತ್ತೀ ಇಲ್ಲೋ?" ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ನನ್ನದು ಹಾಸ್ಟೆಲ್ ಕನ್ನಡ, ಅರ್ಧ ಇಂಗ್ಲಿಷ್. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಹಾವೇರಿಯಲ್ಲಿ ನಮ್ಮ ಎನ್‌ಸಿಸಿ ಕ್ಯಾಂಪ್ ಮುಗಿಯಿತು. ಕೊನೆಯಲ್ಲಿ ಸ್ಯಾಂಡ್ ಮಾಡೆಲ್ ಸ್ಪರ್ಧೆ. ಮರಳಿನಲ್ಲಿ ಊರು, ಗುಡ್ಡ, ಹಳ್ಳ ಮಾಡಿ ದಾಳಿಯ ಪ್ಲಾನ್ ವಿವರಿಸಬೇಕು. ಹಳ್ಳಕ್ಕೆ ನೀಲಿ ರಂಗೋಲಿ, ಹೊಲಕ್ಕೆ ಹಸಿರು. ವೈರಿಯ ಕೆಂಪು ಗುರುತಿಗೆಂದು ನಾನು ಮೊದಲೇ ಬ್ಯಾಡಗಿಗೆ ಹೋಗಿ, ಸೈನ್ಯದಲ್ಲಿ ನಿಮ್ಮ ಜೊತೆ ಇದ್ದು ತೀರಿಕೊಂಡ ನಿಜಲಿಂಗಪ್ಪ ಅಂಕಲ್ ಮನೆಯಿಂದ ಮೆಣಸಿನಪುಡಿ ತಂದಿದ್ದೆ. "ಬಣ್ಣ ಭಾಳ, ಖಾರ ಕಡಿಮಿ, ಒಯ್ಯಿ" ಎಂದು ಅವರ ಹೆಂಡತಿ ನೀಲಾ ಆಂಟಿ ಡಬ್ಬಿ ತುಂಬಿಕೊಟ್ಟಿದ್ದರು. ಗಾಳಿ ಬೀಸಿದ್ದೇ ತಡ, ವೈರಿ ಪಡೆಯೆಲ್ಲ ಎದ್ದು, ತೀರ್ಪು ಕೊಡಲು ನಿಂತಿದ್ದ ಮೇಜರ್ ಸಾಹೇಬರ ಮೂಗಿಗೆ ಹೊಕ್ಕಿತು. ಸೀನಿ ಸೀನಿ ಅವರು, "ಮೊದಲನೇ ದಾಳಿ ವೈರೀದ ಆತು ನೋಡ್ರಿ" ಎಂದರು.

ಮರಳಿನ ಊರಿನ ಮೂಲೆಯಲ್ಲೊಂದು ಬೆಂಕಿಪೊಟ್ಟಣದ ಮನೆ. ಅದರ ಕಿಟಕಿಯಿಂದ ಮಷಿನ್‌ಗನ್ನಿನ ಗುಂಡು ಹಾರುತ್ತಿವೆ, ನಮ್ಮವರು ಬಯಲಿನಲ್ಲಿದ್ದಾರೆ. ಏನು ಮಾಡುತ್ತೀರಿ ಎಂದು ಮೇಜರ್ ಸಾಹೇಬರು ಕೇಳಿದರು. ನನ್ನ ಕ್ಲಾಸಿನ ಅಸ್ಲಮ್, ರಾಕೆಟ್ ಹಾಕಿ ಮನೆ ಉರುಳಿಸುತ್ತೇನೆ ಎಂದ. ನಾನು, ಹಳ್ಳದ ಹಿಂದಿನಿಂದ ಸುತ್ತುವರಿದು, ಒಳಗಿನವರನ್ನು ಕೂಗಿ ಹೊರಗೆ ಕರೆದು, ಆಮೇಲೆ ನುಗ್ಗುತ್ತೇನೆ ಎಂದೆ.

"ಮನ್ಯಾಗ ಯಾರದಾರ ಅಂತ ಗೊತ್ತಿಲ್ಲಲ್ಲ ಸರ್."

"ಪ್ರಿಯಾ, ಅದು ಬೆಂಕಿಪೊಟ್ಟಣ ಐತಿ. ಒಳಗ ಕಡ್ಡಿನೂ ಇಲ್ಲ" ಎಂದ ಅಸ್ಲಮ್. ಎಲ್ಲರೂ ನಕ್ಕರು. ಅವನು ಮಾತ್ರ ನಗಲಿಲ್ಲ. "ನೀ ಸುತ್ತು ಹಾಕಿ ಹೋಗೂ ತನಕ ನನ್ನ ಹುಡುಗ್ರು ಬಯಲಾಗ ಬಿದ್ದಿರ್ತಾರ. ಸತ್ತರ ಅವರ ಮನೀಗೆ ಯಾರು ಹೋಗಿ ಹೇಳೋರು, ನೀನಾ?"

"ಹೌದು, ನಾನ ಹೋಗಿ ಹೇಳ್ತೇನಿ" ಎಂದೆ. ಬಹುಮಾನ ಅಸ್ಲಮನಿಗೆ ಹೋಯಿತು. ಅವನ ಮಾತೂ ಸುಳ್ಳಲ್ಲ, ಅದಕ್ಕೇ ನನಗೆ ಇನ್ನೂ ಸಮಾಧಾನವಿಲ್ಲ.

ಪಪ್ಪಾ, ನೀವು ಬ್ಯಾಂಕ್ ಪರೀಕ್ಷೆ ಎನ್ನುತ್ತೀರಿ. ನಾನು ಡಿಗ್ರಿ ಮುಗಿಸಿ ಸೈನ್ಯದ ಆಫೀಸರ್ ಪರೀಕ್ಷೆಯನ್ನೇ ಬರೆಯುತ್ತೇನೆ. ಭಯವಿಲ್ಲ ಎಂದಲ್ಲ. ದೇಶ ಕಾಯಲು ಬಂದೂಕು ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹಾರಿಸಿ ಎನ್ನುವ ಮೊದಲು ಒಳಗೆ ಯಾರಿದ್ದಾರೆ ಎಂದು ಕೇಳುವವರು ಒಬ್ಬರಾದರೂ ಅಲ್ಲಿರಬೇಕು. ಬೈಯುವುದಿದ್ದರೆ ರಜೆಗೆ ಬಂದು ಬೈಯಿರಿ. ನಾನು ಬದಲಾಗುವುದಿಲ್ಲ.

ಮಮ್ಮಿ ಕಳಿಸಿದ ಸ್ವೆಟರ್ ಟ್ರಂಕಿನಲ್ಲಿಡದೆ ಹಾಕಿಕೊಳ್ಳಿ. ದೂರದಿಂದಲೇ ಕಾಲಿಗೆ ಬೀಳುತ್ತೇನೆ, ಆಶೀರ್ವಾದ ಮಾಡಿ.

ನಿಮ್ಮ ಮಗಳು,
ಹರಿಪ್ರಿಯಾ

ತಾ.ಕ.: ಡಬ್ಬಿ ವಾಪಸ್ ಕೊಡಲು ನೀಲಾ ಆಂಟಿಯ ಮನೆಗೆ ಹೋಗಿದ್ದೆ. ಸ್ಪರ್ಧೆಯ ಕಥೆಯನ್ನು ನಗುತ್ತಲೇ ಹೇಳಿದೆ. ಬೆಂಕಿಪೊಟ್ಟಣದ ಮನೆಯ ಮಾತು ಬಂದಾಗ, ಅವರು ತೊಟ್ಟು ಮುರಿಯುತ್ತಿದ್ದ ಮೆಣಸಿನಕಾಯಿ ಕೈಯಲ್ಲೇ ಉಳಿಯಿತು. ಆಂಟಿ ಹೇಳಿದಾಗಲೇ ನನಗೆ ತಿಳಿದದ್ದು: ಅಂಕಲ್ ತೀರಿಕೊಂಡ ದಿನ, ಅವರು ಬಯಲಿನಲ್ಲಿದ್ದಾಗ, ಎದುರಿನ ಮನೆಯೊಳಗೆ ಜನರಿದ್ದಾರೆ, ರಾಕೆಟ್ ಬೇಡ ಎಂದು ತಡೆದವರು ನೀವು. ಅಂದಿನಿಂದ ಯಾವ ರಜೆಯಲ್ಲೂ ನೀವು ಬ್ಯಾಡಗಿಗೆ ಕಾಲಿಡದಿರುವುದು ಯಾಕೆಂಬುದೂ ತಿಳಿಯಿತು.

"ನಿಮ್ಮಪ್ಪನ ಮ್ಯಾಲ ಸಿಟ್ಟಿಲ್ಲ ಅಂತ ಸುಳ್ಳ ಹೇಳಂಗಿಲ್ಲವಾ," ಎಂದರು ಆಂಟಿ. "ಆ ಮನ್ಯಾಗ ಖರೇನ ಮಂದಿ ಇದ್ದರೇನು? ಅಷ್ಟ ನನ್ನ ಎದುರಿಗೆ ಕುಂತು ಹೇಳಲಿ. ಇದ್ದರು ಅಂದ್ರೂ ಕೇಳ್ತೇನಿ, ಇರಲಿಲ್ಲ ಅಂದ್ರೂ ಕೇಳ್ತೇನಿ."

ನಾನೇ ಹೋಗಿ ಹೇಳುತ್ತೇನೆ ಎಂದು ಕ್ಯಾಂಪಿನಲ್ಲಿ ಎಲ್ಲರೆದುರು ಅಂದುಬಿಟ್ಟೆ. ಹೇಗೆ ಹೇಳುವುದೆಂದು ನನಗೂ ಗೊತ್ತಿಲ್ಲ. ನೀವು ಹೋಗುವಾಗ ನಾನೂ ಬರುತ್ತೇನೆ. ಬಸ್ ಸ್ಟ್ಯಾಂಡಿನಿಂದ ಅವರ ಮನೆ ದೂರವಿಲ್ಲ, ಪಪ್ಪಾ.